ಎರಡು ನೋಟಿಸ್ ಬೋರ್ಡು

1/8

ಫೋಟೋದಲ್ಲಿರೋದು ನಮ್ಮ ಸಭೆಯ ನೋಟಿಸ್ ಬೋರ್ಡು. ಹೆಸರುಗಳನ್ನ ಮಸುಕು ಮಾಡಿದ್ದು ನಾನೇ. ಯಾವ ಸಭೆ ಅಂತ ಹೇಳಲ್ಲ, ಕಾಮೆಂಟಲ್ಲಿ ಯಾರೂ ಊಹೆ ಮಾಡೋಕೆ ಹೋಗ್ಬೇಡಿ. ದೊಡ್ಡಬಳ್ಳಾಪುರದ ಸುತ್ತಮುತ್ತಲಿಂದು ಅಂದ್ರೆ ಸಾಕು.

ಬೋರ್ಡಲ್ಲಿ ಎರಡು ಹಾಳೆ ಇದಾವೆ. ಎಡಗಡೆದು ದಶಮಾಂಶ ಬಾಕಿ ಇರೋರ ಪಟ್ಟಿ, ಹೆಸರಿನ ಮುಂದೆ ಎಷ್ಟು ತಿಂಗಳು ಅಂತ ಅಂಕಿ. ಬಲಗಡೆ ಹಾಳೆಗೆ 'ವಿಶೇಷ ಪ್ರಾರ್ಥನೆಯಲ್ಲಿ ನೆನೆಯಬೇಕಾದವರು' ಅಂತ ತಲೆಬರಹ. ಓದಿದ ತಕ್ಷಣ ಕಾಯಿಲೆ ಬಿದ್ದೋರ ಪಟ್ಟಿ ಅನ್ಸುತ್ತೆ. ಅಲ್ಲ. ಮೂರು ತಿಂಗಳಿಂದ ಭಾನುವಾರದ ಆರಾಧನೆಗೆ ಬರದೇ ಇರೋರು ಅವರು. ಹಾಜರಾತಿ ಪುಸ್ತಕಕ್ಕೆ ಪ್ರಾರ್ಥನೆ ಅಂತ ಹೆಸರಿಟ್ಟಿದೀವಿ, ಅಷ್ಟೇ.

ಆ ಹಾಳೆ ಟೈಪ್ ಮಾಡಿ, ಪ್ರಿಂಟ್ ತೆಗೆಸಿ, ಗುಂಡುಪಿನ್ನು ಚುಚ್ಚಿದ್ದು ನಾನು. ಕಮಿಟಿ ಸೆಕ್ರೆಟರಿ ನಾನೇ ಅಲ್ವಾ. ನಾಲ್ಕನೇ ಹೆಸರು ಒಬ್ಬ ಹುಡುಗೀದು. 23 ವರ್ಷ, ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರೀಲಿ ಕೆಲಸ. ಸಂಡೇ ಸ್ಕೂಲಲ್ಲಿ ಅವಳಿಗೆ ವಾಕ್ಯ ಬಾಯಿಪಾಠ ಮಾಡಿಸಿದ್ದೂ ನಾನೇ. ಪಟ್ಟಿ ಹಾಕೋಕೆ ಒಂದು ವಾರ ಮುಂಚೆ ಸಂತೆ ಹತ್ರ ಸಿಕ್ಕಿದ್ಲು. ಯಾಕಮ್ಮ ಬರ್ತಾ ಇಲ್ಲ ಅಂದೆ. "ಅಲ್ಲಿ ಕೂತ್ರೆ ನಂಗೆ ಪ್ರಾರ್ಥನೆ ಬರಲ್ಲ ಅಕ್ಕ. ಲೆಕ್ಕ ಒಪ್ಪಿಸೋಕೆ ಬಂದಂಗಿರುತ್ತೆ" ಅಂದ್ಲು. ನಾನು ಹೂಂಗುಟ್ಟಿ ಮನೆಗೆ ಬಂದೆ. ಆ ಶನಿವಾರವೇ ಅವಳ ಹೆಸರು ಟೈಪ್ ಮಾಡಿದೆ.

ಇದನ್ನ ಎಂಟು ಭಾಗ ಬರೆಯೋ ಅಷ್ಟು ದೊಡ್ಡ ವಿಷಯ ಯಾಕೆ ಮಾಡ್ತಿದೀನಿ ಅಂದ್ರೆ, 2022ರಲ್ಲಿ ಇದೇ ಬೋರ್ಡಿನ ಮುಂದೆ ನಿಂತುಕೊಂಡು ನಾನು ಇನ್ನೊಂದು ನೋಟಿಸ್ ಬೋರ್ಡಿನ ವಿರುದ್ಧ ಭಾಷಣ ಮಾಡಿದ್ದೆ.

2/8

ಆ ಇನ್ನೊಂದು ಬೋರ್ಡು ಯಾವುದು ಅಂತ ಹೊಸಬರಿಗೆ ಹೇಳ್ತೀನಿ.

2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ವಿಧಾನಸಭೆ ಒಂದು ಮಸೂದೆ ಒಪ್ಪಿಕೊಂಡಿತು. 2022ರ ಮೇನಲ್ಲಿ ಅದು ಸುಗ್ರೀವಾಜ್ಞೆಯಾಗಿ ಬಂತು, ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿ ಕಾಯ್ದೆ ಆಯಿತು. ಜನ ಮತಾಂತರ ನಿಷೇಧ ಕಾಯ್ದೆ ಅಂತಾರೆ. ಕಾಗದದ ಮೇಲಿನ ಹೆಸರು ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆಯ ಕಾಯ್ದೆ. ಸ್ವಾತಂತ್ರ್ಯ, ಹಕ್ಕು, ಸಂರಕ್ಷಣೆ, ಮೂರೂ ಪದ ಹೆಸರಲ್ಲೇ ಖರ್ಚಾಗಿ ಹೋಗಿವೆ.

ಒಳಗಡೆ ಇರೋದು ಇದು. ಧರ್ಮ ಬದಲಾಯಿಸಬೇಕು ಅನ್ನೋನು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಮೂನೆಯಲ್ಲಿ ಬರೆದು ಕೊಡಬೇಕು. ಅದನ್ನು ಡಿಸಿ ಕಚೇರಿಯಲ್ಲೂ ತಹಶೀಲ್ದಾರ್ ಕಚೇರಿಯಲ್ಲೂ ನೋಟಿಸ್ ಬೋರ್ಡಿಗೆ ಹಾಕಿ ಆಕ್ಷೇಪಣೆ ಕರೆಯುತ್ತಾರೆ. 30 ದಿನದೊಳಗೆ ಆಕ್ಷೇಪಣೆ ಬಂದರೆ, ಈ ಮನುಷ್ಯನ ನಿಜವಾದ ಉದ್ದೇಶ ಏನು ಅಂತ ಕಂದಾಯ ಇಲಾಖೆಯವರೋ ಸಮಾಜ ಕಲ್ಯಾಣ ಇಲಾಖೆಯವರೋ ವಿಚಾರಣೆ ಮಾಡುತ್ತಾರೆ. ಎಲ್ಲಾ ಮುಗಿದ ಮೇಲೂ ಮತ್ತೆ ಘೋಷಣೆ, ಮತ್ತೆ ಬೋರ್ಡು.

ನಮ್ಮ ಜಿಲ್ಲೆಗೆ ಅಂದ್ರೆ ದೇವನಹಳ್ಳಿ ತಾಲ್ಲೂಕು ಬೀರಸಂದ್ರದ ಜಿಲ್ಲಾಡಳಿತ ಭವನ. ಪೋಡಿ, ಪಹಣಿ, ಭೂಸ್ವಾಧೀನದ ಪರಿಹಾರ ಅಂತ ನಾವೆಲ್ಲ ಅಲೆದಿರೋ ಜಾಗ. ಹರಾಜಿನ ಪ್ರಕಟಣೆ ಪಕ್ಕದಲ್ಲಿ ನಿಮ್ಮ ಅವ್ವ ಇನ್ನು ಮುಂದೆ ಯಾವ ದೇವರಿಗೆ ಮೊಣಕಾಲೂರುತ್ತಾಳೆ ಅನ್ನೋ ಪ್ರಕಟಣೆ. ಓಡಾಡೋರೆಲ್ಲ ಓದಬಹುದು.

ದೂರು ಕೊಡೋಕೆ ಅಪ್ಪ, ಅಮ್ಮ, ಅಣ್ಣ, ತಂಗಿ, ನೆಂಟರು, ಕಡೆಗೆ ಜೊತೆ ಕೆಲಸ ಮಾಡೋರಿಗೂ ಅಧಿಕಾರ. ಹಳೇ ಧರ್ಮಕ್ಕೆ ವಾಪಸ್ ಹೋದ್ರೆ ಮಾತ್ರ ಅದು ಮತಾಂತರವೇ ಅಲ್ಲ, ಫಾರಂ ಬೇಡ. ಇನ್ನೊಂದು ಸಾಲಂತೂ ನಂಗೆ ಇವತ್ತಿಗೂ ಉರಿಯುತ್ತೆ. ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು ಎಲ್ಲರನ್ನೂ ಒಂದೇ ಪಂಕ್ತೀಲಿ ಕೂರಿಸಿದೆ. ಇವರನ್ನು ಅಕ್ರಮವಾಗಿ ಮತಾಂತರ ಮಾಡಿದರೆ 3ರಿಂದ 10 ವರ್ಷ ಜೈಲು, ಮಿಕ್ಕವರಾದರೆ 3ರಿಂದ 5. ಅಂದರೆ ಡಿಗ್ರಿ ಓದಿರೋ ಹೆಂಗಸಿಗೂ ದೇವರ ವಿಷಯದಲ್ಲಿ ಸ್ವಂತ ಬುದ್ಧಿ ಅರೆಪಾವು ಕಡಿಮೆ ಅಂತ ಲೆಕ್ಕ.

ಹಿಮಾಚಲ ಪ್ರದೇಶದಲ್ಲಿ ಇಂಥದ್ದೇ ಮುಂಗಡ ನೋಟಿಸಿನ ನಿಯಮ ಇತ್ತು. 2012ರಲ್ಲೇ ಅಲ್ಲಿನ ಹೈಕೋರ್ಟು ಅದನ್ನು ಕಿತ್ತುಹಾಕಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ಆ ಕೇಸು ಹಾಕಿದವರು ಯಾರು ಗೊತ್ತಲ್ಲ? ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸಂವಿಧಾನದ 25ನೇ ವಿಧಿಯಲ್ಲಂತೂ ಧರ್ಮ ಆಚರಿಸೋ ಹಕ್ಕಿಗಿಂತ ಮುಂಚೆ ಬರೋ ಪದ ಅಂತಃಸಾಕ್ಷಿ.

ಇಷ್ಟನ್ನೂ ನಾನು ಭಾಷಣದಲ್ಲಿ ಹೇಳಿದೆ. ಚಪ್ಪಾಳೆ ಬಿತ್ತು. 2023ರ ಜೂನ್ 15ಕ್ಕೆ ಹೊಸ ಸರ್ಕಾರದ ಸಂಪುಟ ಕಾಯ್ದೆ ರದ್ದು ಮಾಡೋ ತೀರ್ಮಾನ ತಗೊಂಡಾಗ ನಮ್ಮ ಸಭೆಯ ವಾಟ್ಸಾಪ್ ಗುಂಪಲ್ಲಿ ದಿನವಿಡೀ ಹಲ್ಲೆಲೂಯ. ಆ ಗುಂಪಿನ ಅಡ್ಮಿನ್ನೂ ನಾನೇ.

3/8

ಹೊಸದುರ್ಗದ ತಾಯಿಯ ವಿಷಯ ನೆನಪಿದೆಯಾ?

2021ರ ಸೆಪ್ಟೆಂಬರ್. ಆಗಿನ ಶಾಸಕ ಗೂಳಿಹಟ್ಟಿ ಶೇಖರ್ ಅವರು ಸದನದಲ್ಲಿ ಎದ್ದು ನಿಂತು ತಮ್ಮ ತಾಯಿಯನ್ನೇ ಮತಾಂತರ ಮಾಡಿಬಿಟ್ಟಿದಾರೆ ಅಂದರು. ಅಮ್ಮ ಕುಂಕುಮ ಇಡ್ತಿಲ್ಲ, ಮೊಬೈಲಿನ ರಿಂಗ್‌ಟೋನು ಕೂಡ ಕ್ರೈಸ್ತರ ಹಾಡು ಅಂದರು. ಮುಂದಿನ ತಿಂಗಳು ತಾಯಿ ವಾಪಸ್ ಬಂದರು ಅಂತಲೂ ಅವರೇ ತಿಳಿಸಿದರು. ಆಮೇಲೆ ಹೊಸದುರ್ಗ ತಾಲ್ಲೂಕಲ್ಲಿ ಸಮೀಕ್ಷೆ ನಡೆದು ಬಲವಂತದ ಮತಾಂತರ ಕಂಡುಬಂದಿಲ್ಲ ಅಂತ ತಹಶೀಲ್ದಾರ್ ವರದಿ ಕೊಟ್ಟರು. ಅವರಿಗೆ ವರ್ಗಾವಣೆ ಆಯಿತು.

ಆ ಮಗನ ಸಂಕಟ ಸುಳ್ಳು ಅಂತ ನಾನು ಹೇಳಲ್ಲ. ಮನೇಲಿ ಒಬ್ಬರು ಬೇರೆ ದಾರಿ ಹಿಡಿದರೆ ಮಿಕ್ಕವರಿಗೆ ಹೊಟ್ಟೆಯಲ್ಲಿ ಕಲಸಿದಂಗೆ ಆಗುತ್ತೆ, ನಮ್ಮ ಮನೇಲೂ ಆಗಿದೆ. ಆದ್ರೆ ಆ ದಿನ ಇಡೀ ರಾಜ್ಯ ಒಬ್ಬ ತಾಯಿಯ ಹಣೆಯ ಬಗ್ಗೆ, ಫೋನಿನ ಬಗ್ಗೆ ಮಾತಾಡಿತು. ಪರವಾಗಿ ಮಾತಾಡಿದೋರೂ ವಿರೋಧವಾಗಿ ಮಾತಾಡಿದೋರೂ ಆಕೆಯನ್ನ ಬಿಟ್ಟು ಮಿಕ್ಕವರೇ. ಆಕೆ ದೇವರ ಹತ್ರ ಏನು ಕೇಳಿಕೊಂಡರು, ಆತ ಏನಂದ ಅನ್ನೋದು ಕಡತಕ್ಕೆ ಬರೋ ವಿಷಯ ಅಲ್ಲ.

ನಮ್ಮ ಪಾಸ್ಟರು ಮುಂದಿನ ಭಾನುವಾರ ಇದರ ಮೇಲೆ ಬೆಂಕಿಯಂಥ ಪ್ರಸಂಗ ಮಾಡಿದರು. ಪ್ರಸಂಗ ಮುಗಿಸಿ ಆಚೆ ಬಂದೋರು ಒಬ್ಬ ಹೊಸ ಸೊಸೆ ಬಳೆ ತೊಟ್ಟಿದ್ದನ್ನ ನೋಡಿ, "ಇನ್ನೂ ಬಿಟ್ಟಿಲ್ವಾಮ್ಮ ಇದನ್ನ?" ಅಂದರು. ಅವರ ಮನೆ ಬಾಗಿಲಲ್ಲಿ ರಂಗೋಲಿ ಇದೆ ಅನ್ನೋ ಸುದ್ದಿ ಕಮಿಟಿವರೆಗೂ ಬಂದಿತ್ತು. ತಂದೋರು ಪಕ್ಕದ ಮನೆ ವಿಶ್ವಾಸಿಗಳು.

4/8

ಈ ಭಾಗ ಸ್ವಲ್ಪ ಉದ್ದ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ನಮ್ಮ ಬೀದಿ ಕೊನೇಲಿ ಒಬ್ಬ ಅಕ್ಕ ಇದಾರೆ. ಮಗ್ಗದ ಶೆಡ್ಡಲ್ಲಿ ಕಂಡಿಕೆ ಸುತ್ತೋ ಕೆಲಸ. ಹೊಸ ಒಡಂಬಡಿಕೆಯ ಪುಸ್ತಕವನ್ನ ಮೊದಲಿಂದ ಕೊನೆವರೆಗೂ ನನಗಿಂತ ಹೆಚ್ಚು ಸಲ ಓದಿದಾರೆ, ಪ್ರಮಾಣವಾಗಿ. ಏಳೆಂಟು ವರ್ಷದಿಂದ ಸಭೆಗೆ ಬರ್ತಾರೆ, ಕೊನೇ ಸಾಲಲ್ಲಿ ಕೂತ್ಕೊಂಡು ಮುಗಿಯೋ ಮುಂಚೆ ಎದ್ದು ಹೋಗ್ತಾರೆ. ದೀಕ್ಷಾಸ್ನಾನ ತಗೊಂಡಿಲ್ಲ. ತಗೊಳ್ಳಲ್ಲ. ಮಗ ಡಿಗ್ರಿ ಮುಗಿಸಿ ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೀತಿದಾನೆ.

2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂತಲ್ಲ, ಮೇಷ್ಟ್ರು ಮನೆಮನೆಗೂ ಮೊಬೈಲ್ ಹಿಡಿದು ಅಲೆದದ್ದು, ಆಗ ನಾನು ಅವರ ಮನೇಲೇ ಕೂತಿದ್ದೆ. ಜಾತಿ ಹೆಸರಿನ ಮುಂದೆ ಕ್ರಿಶ್ಚಿಯನ್ ಅಂತ ಸೇರಿಸಿದ ಪಟ್ಟಿಯ ಗಲಾಟೆ ಟಿವೀಲಿ ನಡೀತಿದ್ದ ದಿನಗಳು. ಭಾಗವಹಿಸೋದು ಅವರವರ ಇಷ್ಟ ಅಂತ ಹೈಕೋರ್ಟು ಹೇಳಿತ್ತು, ಆದ್ರೆ ಬಾಗಿಲಿಗೆ ಬಂದ ಮೇಷ್ಟ್ರಿಗೆ ಆಗಲ್ಲ ಅನ್ನೋ ಧೈರ್ಯ ನಮ್ಮ ಬೀದೀಲಿ ಯಾರಿಗಿದೆ? ಪ್ರಶ್ನೆ ಬಂತು. ಧರ್ಮ? ಅಕ್ಕ ಮಾತಾಡಲಿಲ್ಲ. ನನ್ನ ಮುಖ ನೋಡಿದರು. ಮಗ ಒಳಗಿಂದ "ಹಿಂದೂ ಅಂತ ಹಾಕ್ಕೊಳಿ ಸಾರ್" ಅಂದ. ಮೇಷ್ಟ್ರು ಒತ್ತಿದರು, ಮುಂದಿನ ಪ್ರಶ್ನೆ.

ಹಿನ್ನೆಲೆ ಗೊತ್ತಿಲ್ಲದೋರಿಗೆ: 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿ ಅಲ್ಲ. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿಕೊಂಡರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಹೊಲಗೇರಿಯಲ್ಲಿದ್ದ ಮನೆ ಅಲ್ಲೇ ಇರುತ್ತೆ, ಊರು ಕರೆಯೋ ಹೆಸರು ಅದೇ ಇರುತ್ತೆ, ಸರ್ಟಿಫಿಕೇಟು ಮಾತ್ರ ಹೋಗುತ್ತೆ. 2024ರ ನವೆಂಬರ್‌ನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನ ಆಗಿ ಚರ್ಚಿಗೆ ಹೋಗ್ತಾ ಮೀಸಲಾತಿಗೋಸ್ಕರ ಹಿಂದೂ ಅನ್ನೋದು ಸಂವಿಧಾನಕ್ಕೆ ಮಾಡೋ ವಂಚನೆ ಅಂದಿತು. ಆ ಸುದ್ದಿಯನ್ನ ಮಗ ಫೋನಲ್ಲಿ ಅವ್ವನಿಗೆ ಓದಿ ಹೇಳಿದಾನೆ.

ಈಗ ನಮ್ಮ ಕಡೆ ನೋಡಿ. ನಮ್ಮ ಕಮಿಟಿ ರಿಜಿಸ್ಟರಲ್ಲಿ ಅಕ್ಕನ ಹೆಸರಿನ ಮುಂದೆ ಏನಿದೆ ಗೊತ್ತಾ? 'ಅರೆ ವಿಶ್ವಾಸಿ.' ನನ್ನದೇ ಕೈಬರಹ. ಸರ್ಕಾರದ ಮೊಬೈಲಲ್ಲಿ ಒಂದು ಖಾನೆ, ನಮ್ಮ ರಿಜಿಸ್ಟರಲ್ಲಿ ಒಂದು ಖಾನೆ. "ಲೋಕಕ್ಕೆ ಹೆದರೋರು ದೇವರಿಗೆ ಬೇಡ" ಅಂತ ಅವರು ಕೇಳೋ ಹಾಗೇ ಸಾಕ್ಷಿ ಹೇಳಿದೋರು ನಮ್ಮಲ್ಲಿದಾರೆ. ಹೇಳಿದೋರ ಮಕ್ಕಳೆಲ್ಲ ಖಾಸಗಿ ಕಂಪನೀಲಿ ಸೆಟ್ಲಾಗಿದಾರೆ, ಅದು ಬೇರೆ ಮಾತು.

5/8

ಹಂಗಾದ್ರೆ ಯೇಸು ಏನು ಮಾಡಿದ ಅಂತ ನೋಡೋಣ.

ನಿಕೊದೇಮ ಬಂದದ್ದು ರಾತ್ರಿ ಹೊತ್ತಲ್ಲಿ. ದೊಡ್ಡ ಮನುಷ್ಯ, ಊರಿಗೆ ಗೊತ್ತಾಗೋದು ಬೇಡ ಅಂತ. ಹಗಲಲ್ಲಿ ಬಾ, ಹೆಸರು ಬರೆಸು ಅಂತ ಯೇಸು ಅವನನ್ನ ವಾಪಸ್ ಕಳಿಸಲಿಲ್ಲ. ಕೂರಿಸಿಕೊಂಡು, ಸುವಾರ್ತೆಯಲ್ಲೇ ಆಳವಾದ ಮಾತುಗಳನ್ನ ಅವನ ಹತ್ರ ಆಡಿದ. ಅರಿಮಥಾಯದ ಯೋಸೇಫ ಗುಟ್ಟಿನ ಶಿಷ್ಯ, ಹೆದರಿಕೆಯಿಂದ ಹೇಳಿಕೊಂಡಿರಲಿಲ್ಲ ಅಂತ ಯೋಹಾನನೇ ಬರೆದಿದಾನೆ. ಕೊನೆಗೆ ಶಿಲುಬೆಯಿಂದ ದೇಹ ಇಳಿಸಿ ಸಮಾಧಿ ಮಾಡಿದ್ದು ಯಾರು? ಈ ಇಬ್ಬರು. ಬಹಿರಂಗ ಶಿಷ್ಯರಲ್ಲಿ ಹೆಚ್ಚಿನವರು ಆಗ ಓಡಿಹೋಗಿದ್ದರು. ನಮ್ಮ ರಿಜಿಸ್ಟರಾಗಿದ್ದರೆ ಸಮಾಧಿ ಮಾಡಿದ ಇಬ್ಬರೂ 'ಅರೆ ವಿಶ್ವಾಸಿ'ಗಳೇ.

ಶ್ರೀಮಂತ ಯುವಕ ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋದ. ಯೇಸು ಅವನನ್ನ ಪ್ರೀತಿಸಿದ ಅಂತ ಮಾರ್ಕ ಬರೀತಾನೆ, ಹಿಂದೆ ಓಡಿದ ಅಂತ ಬರೆಯಲ್ಲ. ರೊಟ್ಟಿಯ ಮಾತು ಕಷ್ಟ ಆಯ್ತು ಅಂತ ಬಹಳ ಜನ ಬಿಟ್ಟುಹೋದಾಗ, ಉಳಿದ ಹನ್ನೆರಡು ಜನರನ್ನೂ ನೀವೂ ಹೋಗ್ತೀರಾ ಅಂತ ಕೇಳಿದ. ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇವತ್ತು ರಾತ್ರಿ ಒಂದ್ಸಲ ತೆಗೆದು ಓದಿ. ಊಟದ ವಿಷಯ, ಹಬ್ಬದ ದಿನದ ವಿಷಯ ಅಲ್ಲೂ ಜಗಳ. ಇನ್ನೊಬ್ಬನ ಆಳಿಗೆ ತೀರ್ಪು ಮಾಡೋಕೆ ನೀನು ಯಾರು ಅನ್ನೋ ಧಾಟಿಯಲ್ಲಿ ಬೈತಾನೆ. ಪ್ರತಿಯೊಬ್ಬನೂ ತನ್ನ ಲೆಕ್ಕ ತಾನೇ ದೇವರಿಗೆ ಕೊಡಬೇಕು ಅನ್ನೋದು ಅವನ ವಾದ. ಕಮಿಟಿ ಮೂಲಕ ಅಂತ ಎಲ್ಲೂ ಇಲ್ಲ, ಹುಡುಕಿದೆ.

ನಮ್ಮ ಸಭೆಯ ಚರಿತ್ರೆ ಇದನ್ನ ಮರೆತಾಗ ಏನಾಯ್ತು ಅಂತ ನೋಡೋಕೆ ದೂರ ಹೋಗೋದು ಬೇಡ. ಪಕ್ಕದ ಗೋವಾ ಸಾಕು. 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ನ್ಯಾಯಮಂಡಳಿ ನಡುವೆ ಕೆಲವು ವರ್ಷ ಬಿಟ್ಟು 1812ರವರೆಗೂ ನಡೀತು. ದೀಕ್ಷಾಸ್ನಾನ ಆದವರ ಮನೆಯೊಳಗೆ ಇಣುಕೋದೇ ಅದರ ಕೆಲಸ. 1736ರ ಆಜ್ಞೆಯಲ್ಲಿ ಅಂಗಳದ ತುಳಸಿಗೆ ನಿಷೇಧ, ಉಪ್ಪು ಹಾಕದೆ ಅನ್ನ ಬೇಯಿಸೋಕೂ ನಿಷೇಧ. ಯಾಕಂದ್ರೆ ಹಿಂದೂಗಳು ಹಾಗೆ ಮಾಡ್ತಾರೆ ಅಂತ. ಒಲೆ ಮೇಲಿನ ಪಾತ್ರೆಗೂ ಕಾವಲು. ಇವತ್ತಿನ ಕೆನರಾ ಕ್ರೈಸ್ತರಲ್ಲಿ ಎಷ್ಟೋ ಮನೆತನಗಳ ಹಿರಿಯರು ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರು. ಬಿಟ್ಟು ಬಂದ ಕಾರಣಗಳಲ್ಲಿ ಇದೂ ಒಂದು. ಕ್ರೈಸ್ತರಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರು! ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಕಥೋಲಿಕ ಸಭೆ ಅಧಿಕೃತ ಘೋಷಣೆ ಹೊರಡಿಸಿದ್ದು 1965ರ ಡಿಸೆಂಬರ್ 7ಕ್ಕೆ. ನಾವು ಪ್ರೊಟೆಸ್ಟೆಂಟರು ನಗೋ ಹಾಗಿಲ್ಲ. 1521ರಲ್ಲಿ ವರ್ಮ್ಸ್ ಸಭೆಯಲ್ಲಿ ಮನಸ್ಸಾಕ್ಷಿಗೆ ವಿರುದ್ಧ ನಡೆಯಲಾರೆ ಅಂದ ಲೂಥರನ ಮಕ್ಕಳು ಅಂತ ಹೇಳಿಕೊಂಡು ಬಳೆ ಎಣಿಸ್ತಾ ಕೂತಿದೀವಿ.

6/8

ಹೋದ ಭಾಗಕ್ಕೆ ಬಂದ ಮೆಸೇಜುಗಳು.

"ಮನಸ್ಸಾಕ್ಷಿ ಅಂದ್ರೆ ಮನಸ್ಸಿಗೆ ಬಂದಂಗೆ ಇರೋದಾ?" ಅಲ್ಲ ಅಣ್ಣ. ಮನಸ್ಸಿಗೆ ಬಂದಂಗೆ ಇರೋರಿಗೆ ರಾತ್ರಿ ನಿದ್ದೆ ಬರುತ್ತೆ. ಮನಸ್ಸಾಕ್ಷಿ ತಪ್ಪಬಹುದು. ತನ್ನ ಮನಸ್ಸು ಚುಚ್ಚದೇ ಇದ್ದ ಮಾತ್ರಕ್ಕೆ ತಾನು ನಿರ್ದೋಷಿ ಅಲ್ಲ ಅಂತ ಪೌಲನೇ ಒಪ್ಪಿಕೊಳ್ತಾನೆ. ತಪ್ಪು ಕಂಡರೆ ಮನೆಗೆ ಹೋಗಿ, ಕಾಫಿ ಕುಡೀತಾ, ಒಬ್ಬರಿಗೊಬ್ಬರೇ ಹೇಳಿ. ಮೊದಲು ಒಬ್ಬೊಬ್ಬರೇ ಮಾತಾಡಿ ಅಂತ ಮತ್ತಾಯನ ಸುವಾರ್ತೆಯಲ್ಲಿ ಯೇಸು ಕೊಟ್ಟ ಕ್ರಮವೂ ಅದೇ. ನಾವು ಬೋರ್ಡಿಂದ ಶುರು ಮಾಡ್ತೀವಿ.

"ನಿಮ್ಮ ಮಾತು ಕಾಯ್ದೆ ತಂದೋರ ಕೈಗೆ ಅಸ್ತ್ರ ಆಗುತ್ತೆ." ಈ ಮೆಸೇಜ್ ಒಂಬತ್ತು ಜನ ಕಳಿಸಿದೀರ. ಉತ್ತರ ಕೊಡಬೇಕಾದ್ದೇ.

2020ರ ಮಾರ್ಚ್‌ನಲ್ಲಿ ನಮ್ಮದೇ ದೇವನಹಳ್ಳಿ ತಾಲ್ಲೂಕು ದೊಡ್ಡಸಾಗರಹಳ್ಳಿ ಬೆಟ್ಟದಿಂದ ಯೇಸುವಿನ ಪ್ರತಿಮೆಯನ್ನ ಪೊಲೀಸ್ ಕಾವಲಲ್ಲಿ ತೆಗೆದುಕೊಂಡು ಹೋದರು. ಕ್ರೈಸ್ತರು ಸತ್ತವರನ್ನ ಮಣ್ಣು ಮಾಡ್ತಿದ್ದ ಜಾಗ ಅದು. ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೋ ಖಂಡಿಸಿದರು. ನಮ್ಮ ಸಭೆ ಕಥೋಲಿಕರದ್ದಲ್ಲ, ಪ್ರತಿಮೆ ನಮಗೆ ರೂಢಿಯಿಲ್ಲ, ಆದ್ರೂ ಅವತ್ತು ನಾನು ಅತ್ತೆ. ಈಗಲೂ ಅದು ಅನ್ಯಾಯ ಅಂತಲೇ ಹೇಳ್ತೀನಿ. ಕಾಯ್ದೆಯ ವಿಷಯದಲ್ಲಿ ಹೇಳಿದ ಒಂದು ಅಕ್ಷರವನ್ನೂ ವಾಪಸ್ ತಗೊಂಡಿಲ್ಲ.

ಆದ್ರೆ ಆ ಕಾಯ್ದೆಯಲ್ಲಿ ಆಮಿಷ ಅಂದ್ರೆ ಏನು ಅನ್ನೋ ವಿವರಣೆ ಓದಿ. ಉಡುಗೊರೆ, ಹಣ, ಕೆಲಸ, ಪುಕ್ಕಟೆ ಓದು, ಮದುವೆ ಮಾತು ಅಂತ ಪಟ್ಟಿ ಹೋಗ್ತಾ ಹೋಗ್ತಾ ದೇವರ ಅವಕೃಪೆಯ ಹೆದರಿಕೆ ಅನ್ನೋದೂ ಬರುತ್ತೆ. ಅಲ್ಲಿ ನಾನು ನಿಂತುಬಿಟ್ಟೆ. ಯಾಕಂದ್ರೆ ಸಭೆ ಬಿಟ್ಟು ಹೋದ ಮನೇಲಿ ಸಾವಾಯ್ತು, ವ್ಯಾಪಾರ ಮುಳುಗ್ತು ಅನ್ನೋ 'ಸಾಕ್ಷಿ'ಗಳನ್ನ ನಾನು ಕಿವಿಯಾರೆ ಕೇಳಿದೀನಿ, ಆಮೆನ್ ಅಂದಿದೀನಿ. ಪೊಲೀಸರು ಬಂದು ಅದಕ್ಕೆ ಕೇಸ್ ಹಾಕಬೇಕು ಅಂತಲ್ಲ. ಅದು ಅವರ ಕೆಲಸ ಅಲ್ಲ. ಹಂಗಂತ ನಮ್ಮ ಕೆಲಸವೂ ಅಲ್ವಾ?

ಅಸ್ತ್ರ ಅವರಿಗೆ ಸಿಗೋದು ನನ್ನ ಕ್ಯಾಪ್ಷನ್ನಿಂದ ಅಲ್ಲ. ಆ ಬೋರ್ಡಿನ ಫೋಟೋ ಯಾರು ಬೇಕಾದ್ರೂ ತೆಗೀಬಹುದು, ಕಾಂಪೌಂಡಿಗೆ ಗೇಟೇ ಇಲ್ಲ.

7/8

ಸ್ಮಶಾನದ ವಿಷಯ ಬಿಟ್ಟೇ ಹೋಗಿತ್ತು.

ಆ ಹುಡುಗಿಯ ಅಮ್ಮನಿಗೆ ನಮ್ಮ ಕಮಿಟಿಯ ಹಿರಿಯರೊಬ್ಬರು ಹೇಳಿದ್ದು ಹೀಗೆ: "ನಿಮ್ಮ ಮಗಳು ಬರಲ್ಲ, ಚಂದಾನೂ ಕೊಡಲ್ಲ. ನಾಳೆ ನಿಮ್ಮನೇಲಿ ಏನಾದ್ರೂ ಆದ್ರೆ ಗುಂಡಿ ತೋಡೋಕೆ ಯಾರು ಬರ್ತಾರೆ?"

ಕ್ರೈಸ್ತರಿಗೆ ಮಣ್ಣು ಮಾಡೋ ಜಾಗ ಎಷ್ಟು ಕಷ್ಟ ಅಂತ ಗೊತ್ತಿಲ್ಲದೋರಿಗೆ ಈ ಮಾತಿನ ತೂಕ ಗೊತ್ತಾಗಲ್ಲ. ಊರ ಸ್ಮಶಾನದಲ್ಲಿ ನಿಮ್ಮ ಜಾಗ ನೋಡ್ಕೊಳ್ಳಿ ಅಂತಾರೆ, ನಮ್ಮ ಸ್ಮಶಾನದಲ್ಲಿ ರಸೀದಿ ತೋರಿಸಿ ಅಂತಾರೆ. ಆ ತಾಯಿಗೆ ಎದೆನೋವಿನ ಕಾಯಿಲೆ. ಮನೆಗೆ ಹೋಗಿ ಮಗಳ ಕಾಲು ಹಿಡ್ಕೊಂಡಿದಾರೆ, ನನಗೋಸ್ಕರ ಒಂದು ಭಾನುವಾರ ಬಾ ಅಂತ.

ಹುಡುಗಿ ಬಂದ್ಲು. ಅವತ್ತು ಪಾಸ್ಟರು ದೇವರಿಗೆ ಸ್ತೋತ್ರ ಅಂದರು, ಎಲ್ಲರೂ ಕೈ ಎತ್ತಿದರು. ಅವಳು ಗೋಡೆ ನೋಡ್ತಾ ಕೂತಿದ್ಲು. ನಾನು ಅವಳ ಹೆಸರಿನ ಮುಂದೆ ಟಿಕ್ ಹಾಕಿದೆ.

8/8

ಹೋದ ಶನಿವಾರ ಕಮಿಟಿ ಮೀಟಿಂಗು. ಮೂರು ವಿಷಯ ಬರೆದು ಕೊಟ್ಟೆ. ಎರಡೂ ಪಟ್ಟಿ ಬೋರ್ಡಿಂದ ತೆಗೀಬೇಕು, ಇನ್ನು ಹಾಕಬಾರದು. ರಿಜಿಸ್ಟರಲ್ಲಿ ದೀಕ್ಷಾಸ್ನಾನ ಆದೋರು, ಆಗದೋರು ಅನ್ನೋದು ಬಿಟ್ಟು ಬೇರೆ ಷರಾ ಇರಬಾರದು. ಸಮಾಧಿಗೂ ಹಾಜರಾತಿಗೂ ಚಂದಾಗೂ ಸಂಬಂಧ ಇಲ್ಲ ಅಂತ ನಿರ್ಣಯ ಬರೆದು ಸಹಿ ಹಾಕಬೇಕು.

ಎರಡು ಗಂಟೆ ಮಾತಾಯ್ತು. ಮೂರನೇದು ಪಾಸಾಯ್ತು. ಅದೂ ಎದೆನೋವಿನ ತಾಯಿ ಕಥೆ ಕೇಳಿ ಇಬ್ಬರು ಹಿರಿಯರು ಕಣ್ಣೀರು ಹಾಕಿದ್ದಕ್ಕೆ, ನನ್ನ ವಾದಕ್ಕಲ್ಲ. ಎರಡನೇದು ಮುಂದಿನ ಮೀಟಿಂಗಿಗೆ. ಮೊದಲನೇದು ಬಿದ್ದುಹೋಯ್ತು, ಏಳು-ನಾಲ್ಕು. "ಶಿಸ್ತು ಇಲ್ಲದ ಸಭೆ ಸಭೆನಾ?" ಅಂದರು. "ಇದನ್ನೇ ಬೀರಸಂದ್ರದಲ್ಲಿ ಹಾಕಿದ್ರೆ ಏನಂತಿದ್ರಿ?" ಅಂದೆ. "ಅದು ಬೇರೆ, ಇದು ಮನೆ ವಿಷಯ" ಅಂದರು. ಹೊಸದುರ್ಗದ ಶಾಸಕರಿಗೂ ಅದು ಮನೆ ವಿಷಯವೇ ಆಗಿತ್ತು.

ಸೆಕ್ರೆಟರಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ. ಕೊಟ್ಟರೆ ಪಟ್ಟಿ ಇನ್ನೊಬ್ಬರು ಟೈಪ್ ಮಾಡ್ತಾರೆ. ನಾನು ಟೈಪ್ ಮಾಡಲ್ಲ ಅಂತ ಹೇಳಿದೀನಿ, ಮಿನಿಟ್ಸಲ್ಲೂ ಬರೆದಿದೀನಿ. ರಿಜಿಸ್ಟರಲ್ಲಿ ಅಕ್ಕನ ಹೆಸರಿನ ಮುಂದಿದ್ದ ಎರಡು ಪದವನ್ನ ನಾನೇ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದೀನಿ. ಮುಂದಿನ ಮೀಟಿಂಗಲ್ಲಿ ಬೈಗುಳ ಗ್ಯಾರಂಟಿ.

ನಿನ್ನೆ ಹುಡುಗಿ ಮತ್ತೆ ಸಿಕ್ಕಿದ್ಲು, ಬಸ್ ಸ್ಟ್ಯಾಂಡಲ್ಲಿ, ಶಿಫ್ಟ್ ಮುಗಿಸಿ ಬರ್ತಿದ್ಲು. ನಿನ್ನ ಹೆಸರು ಹಾಕಿದ್ದು ನಾನೇ ಕಣಮ್ಮ, ತಪ್ಪಾಯ್ತು ಅಂದೆ. "ಗೊತ್ತು ಅಕ್ಕ, ಆ ಫಾಂಟು ನಿಮ್ದೇ" ಅಂತ ನಕ್ಕಳು. ಭಾನುವಾರ ಬರ್ತೀಯಾ ಅಂತ ಬಾಯಿ ತುದಿಗೆ ಬಂದಿತ್ತು. ಕೇಳಲಿಲ್ಲ. ಅಮ್ಮನ ಎದೆನೋವು ಹೇಗಿದೆ ಅಂತ ಕೇಳಿದೆ.

#ಮನಸ್ಸಾಕ್ಷಿ #ದೊಡ್ಡಬಳ್ಳಾಪುರ #ಬೆಂಗಳೂರುಗ್ರಾಮಾಂತರ #ಕನ್ನಡಕ್ರೈಸ್ತರು